ಗುಣಿಗೆ ಅಳತೆ ಕೇಳಿದ ದಿನ

ಅಪ್ಪ ರಜೆಗೆ ಬಂದಾಗ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ. ಅಪ್ಪನ ಬಗ್ಗೆ ನನ್ನದೇ ಎಂದು ಹೇಳಿಕೊಳ್ಳಬಹುದಾದ ನೆನಪು ಅದೊಂದೇ ಎಂದು ಬಹಳ ಕಾಲ ನಂಬಿದ್ದೆ. ಉಳಿದವೆಲ್ಲ ಅವ್ವ ಹೇಳಿದ್ದೋ, ಅಜ್ಜಿ ಹೇಳಿದ್ದೋ, ಗೋಡೆಯ ಮೇಲಿನ ಫೋಟೋ ನೋಡಿ ನಾನೇ ಕಟ್ಟಿಕೊಂಡದ್ದೋ ಇರಬೇಕು. ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಒಂದು ಚಾಳಿ ಅಂಟಿಕೊಂಡಿತು. ಯಾರು ಏನು ಹೇಳಿದರೂ ಇದನ್ನು ಕಣ್ಣಾರೆ ಕಂಡವರು ಯಾರು, ಎಷ್ಟು ವರ್ಷದ ಮೇಲೆ ಹೇಳುತ್ತಿದ್ದಾರೆ ಎಂದು ಕೇಳುವುದು. ಶಾಸನಗಳಿಗೆ ಹಾಕುವ ಪ್ರಶ್ನೆಯನ್ನು ಮನೆಯವರಿಗೂ ಹಾಕತೊಡಗಿದಾಗ ಊಟಕ್ಕೆ ಕೂತಲ್ಲಿ ಜಗಳಗಳಾದವು. ಅದನ್ನೇ ನನಗೆ ಹಾಕಿಕೊಂಡಾಗ ಒಂದೊಂದೇ ನೆನಪು ಉದುರಿ, ಕೊನೆಗೆ ಆ ಬಾಗಿಲು ಮಾತ್ರ ನಿಂತಿತು.

ನಮ್ಮೂರು ಬೇಗೂರಿನಿಂದ ಎರಡು ಮೈಲಿ ಒಳಕ್ಕೆ. ಅಪ್ಪ ಸೈನ್ಯದಲ್ಲಿದ್ದ. ವರ್ಷಕ್ಕೊಮ್ಮೆ ಬಂದರೆ ಎರಡು ತಿಂಗಳು ಇರುತ್ತಿದ್ದ. ಕೂಡಿ ನೋಡಿದರೆ ನನ್ನ ಹದಿನೈದು ವರ್ಷಗಳಲ್ಲಿ ಅವನು ನನ್ನ ಜೊತೆ ಇದ್ದದ್ದು ಎರಡೂವರೆ ವರ್ಷ. ಅದರಲ್ಲಿ ಅರ್ಧದಷ್ಟು ಕಾಲ ನಾನು ಬುದ್ಧಿ ಬಾರದ ಕೂಸು. ಅವನು ಮೈಸೂರಿನಿಂದ ಊಟಿ ಕಡೆಗೆ ಹೋಗುವ ಬಸ್ಸಿನಲ್ಲಿ ಬಂದು, ಬೇಗೂರಿನಲ್ಲಿ ಇಳಿದು, ಹುರುಳಿ ಹೊಲಗಳ ನಡುವಿನ ದಾರಿಯಲ್ಲಿ ನಡೆದುಕೊಂಡು ಬರುತ್ತಿದ್ದ. ಬಂದ ದಿನ ಟ್ರಂಕು ತೆಗೆಯುವುದೇ ನಮಗೆ ಹಬ್ಬ. ಬೂಟ್ ಪಾಲಿಶು, ನುಸಿಗುಳಿಗೆ, ಕ್ಯಾಂಟೀನ್ ಸೋಪು ಮೂರೂ ಸೇರಿದ ಒಂದು ವಾಸನೆ ನಡುಮನೆಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಕಲ್ಲಿನಂಥ ಒಣಹಣ್ಣು, ಬಾಗಿಲ ಸಂದಿಗಿಟ್ಟು ಒಡೆಯಬೇಕಾಗಿದ್ದ ಅಕ್ರೋಟು, ಅಜ್ಜಿಗೆ ಅಂತ ಒಂದು ರಮ್ ಬಾಟ್ಲಿ. ಅದು ಮಂಡಿನೋವಿಗೆ ಹಚ್ಚಿಕೊಳ್ಳುವುದಕ್ಕೆ ಎಂದು ಅಜ್ಜಿ ಊರಿಗೆಲ್ಲ ಹೇಳುತ್ತಿದ್ದಳು. ವಾಸನೆ ಮಾತ್ರ ಮಂಡಿಯಿಂದ ಬರುತ್ತಿರಲಿಲ್ಲ.

ಅಪ್ಪನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಬಂದ ಮಾರನೇ ಬೆಳಿಗ್ಗೆಯೇ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಎಳೆದು, ಮೂಲೆಗೆ ಮೂಲೆ ಕೂಡಿಸಿ, ಇಟ್ಟಿಗೆ ಜೋಡಿಸಿದಂತೆ ಮಡಿಸಿಡುತ್ತಿದ್ದ. ಅಜ್ಜಿ ಜಗುಲಿಯಿಂದಲೇ ಛೇಡಿಸುತ್ತಿದ್ದಳು. “ಕಂಬ್ಳಿ ಮಡಿಸಾಕೆ ಸರ್ಕಾರ ಸಂಬ್ಳ ಕೊಟ್ಟದ್ಲಾ ನಿಂಗೆ?” ಅಪ್ಪ ನಗುತ್ತ ಅವಳು ಹೊದ್ದಿದ್ದ ಕಂಬಳಿಯನ್ನೂ ಎಳೆದುಕೊಳ್ಳುತ್ತಿದ್ದ. ಒಂದು ದಿನ ನನ್ನನ್ನು ಗುಂಡ್ಲುಪೇಟೆ ಸಂತೆಗೆ ಕರೆದುಕೊಂಡು ಹೋದ. ಕೇರಳಕ್ಕೆ ಬಾಳೆಗೊನೆ ತುಂಬಿಕೊಂಡ ಲಾರಿಗಳು ಸಾಲಾಗಿ ನಿಂತಿದ್ದವು. ಎದುರಿನ ಮಲಬಾರಿ ಕಾಕನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅಪ್ಪ ಅಂಗಡಿಯವನ ಜೊತೆ ಮಲಯಾಳದಲ್ಲಿ ಮಾತಾಡಿದ. ಸೈನ್ಯದ ಗೆಳೆಯರಿಂದ ಕಲಿತ ಅರೆಬರೆ ಮಲಯಾಳ. ಅಂಗಡಿಯವನು ಬಿದ್ದು ಬಿದ್ದು ನಕ್ಕ, ಚಹಾದ ದುಡ್ಡು ಬೇಡವೆಂದ. ಇಂಥ ಅಪ್ಪ ಊರಿನಲ್ಲಿ ಇನ್ನಾರಿಗಿದ್ದಾನೆ ಎಂದು ನನಗೆ ಹೆಮ್ಮೆಯಾಯಿತು. ಈ ಸಂತೆಯ ವಿಷಯವೂ ಈಗ ಅನುಮಾನ. ಅವ್ವ ಹೇಳುವ ಪ್ರಕಾರ ನನ್ನನ್ನು ಸಂತೆಗೆ ಕರೆದೊಯ್ಯುತ್ತಿದ್ದವನು ಮಾವ. ಮಾವನಿಗೆ ಮಲಯಾಳ ಬರುತ್ತಿರಲಿಲ್ಲವಲ್ಲ ಎಂದರೆ, ಹಾಗಾದರೆ ಇರಬಹುದು ಅನ್ನುತ್ತಾಳೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಟೆಲಿಗ್ರಾಂ ಬಂತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರೇ ಆಗಿದ್ದೆವು. ಅಪ್ಪನ ಇನ್‌ಲ್ಯಾಂಡ್ ಕಾಗದಗಳನ್ನು ಅವ್ವನಿಗೂ ಅಜ್ಜಿಗೂ ಓದಿ ಹೇಳುವ ಕೆಲಸ ನನ್ನದಾದ್ದರಿಂದ ಪೋಸ್ಟ್‌ಮ್ಯಾನ್ ಅದನ್ನೂ ನನ್ನ ಕೈಗೇ ಕೊಟ್ಟ, ನಾನೇ ಓದಿದೆ ಎಂದು ನನ್ನ ನೆನಪು. ಅದು ಇಂಗ್ಲಿಷಿನಲ್ಲಿತ್ತು, ನಮ್ಮ ಮೇಷ್ಟ್ರು ಬಂದು ಓದಿದರು, ನೀನು ಬಾಗಿಲ ಹಿಂದೆ ನಿಂತಿದ್ದೆ ಎಂದು ಅವ್ವನ ನೆನಪು. ಅವಳದೇ ಸರಿಯಿರಬೇಕು. ವಿಷಯ ಇಷ್ಟು: ಮಂಜು ಬಿದ್ದ ದಾರಿಯಲ್ಲಿ ರೇಶನ್ ಸಾಗಿಸುತ್ತಿದ್ದ ಲಾರಿ ಕಂದಕಕ್ಕೆ ಉರುಳಿತ್ತು. ಲಾರಿಯಲ್ಲಿ ಅಪ್ಪನಿದ್ದ. ಊರವರು ಯುದ್ಧದಲ್ಲಿ ಹೋದ ಅಂದರು. ಶಾಲೆಯಲ್ಲಿ ಯಾರಾದರೂ ಹಾಗೆ ಹೇಳಿದಾಗ ನಾನು ತಿದ್ದಲಿಲ್ಲ. ಆ ದಿನಗಳಲ್ಲಿ ನಾನು ತಿದ್ದುವುದಿರಲಿ, ಏನನ್ನೂ ಹೇಳುತ್ತಿರಲಿಲ್ಲವಂತೆ.

ಹನ್ನೊಂದು ದಿನ ಕಳೆದ ಮೇಲೆ ಒಬ್ಬ ಸಿಪಾಯಿ ಬಂದ. ಬಸ್ಸಿನ ಟಾಪಿನಿಂದ ಅಪ್ಪನ ಟ್ರಂಕು ಇಳಿಸಿಕೊಂಡು, ಬಿಳಿಬಟ್ಟೆಯಲ್ಲಿ ಹೊಲಿದ, ಅಪ್ಪನ ಬೂದಿಯಿದ್ದ ಒಂದು ಪುಟ್ಟ ಮಡಕೆಯನ್ನು ಎದೆಗೆ ಒತ್ತಿಕೊಂಡು ಬಂದಿದ್ದ. ತಮಿಳಿನವನು, ಬೇರೆ ತುಕಡಿಯವನಾದ್ದರಿಂದ ಅಪ್ಪನ ಮುಖವನ್ನೂ ಕಂಡಿರಲಿಲ್ಲ. ಮಡಕೆಯನ್ನು ಅವ್ವನ ಕೈಗೆ ಕೊಟ್ಟು, ಸೆಲ್ಯೂಟ್ ಹೊಡೆದು, ನೀರು ಮಾತ್ರ ಕುಡಿದು ಅದೇ ಮಧ್ಯಾಹ್ನ ಹೊರಟುಹೋದ.

ನಮ್ಮ ಕಡೆ ಸುಡುವುದಿಲ್ಲ, ಹೂಳುತ್ತೇವೆ. ತಾತ, ಮುತ್ತಾತ ಎಲ್ಲರೂ ಹೊಲದ ತೆಂಕಣ ಬದುವಿನಲ್ಲಿ ಸಾಲಾಗಿ ಮಲಗಿದ್ದಾರೆ. ಮಗ ಸತ್ತ ಎಂಬುದಕ್ಕೆ ಅತ್ತು ಮುಗಿಸಿದ್ದ ಅಜ್ಜಿ, ಮಗನನ್ನು ಸುಟ್ಟಿದ್ದಾರೆ ಎಂಬುದಕ್ಕೆ ಹೊಸದಾಗಿ ಅಳಲು ಶುರುಮಾಡಿದಳು. ದೊಡ್ಡವರು ಸಮಾಧಾನ ಹೇಳಿದರು. ಬದುವಿನಲ್ಲಿ ಮೊಳದುದ್ದ ಗುಂಡಿ ತೋಡಿ ಮಡಕೆ ಇಟ್ಟು ಮಣ್ಣು ಮುಚ್ಚಿದರೆ ಅದೂ ಹೂಳಿದಂತೆಯೇ ಎಂದರು. ಅಜ್ಜಿ ಒಪ್ಪಲಿಲ್ಲ. ಕೋಳಿಮರಿಗೆ ತೋಡಿದ ಹಾಗೆ ನನ್ನ ಮಗನಿಗೆ ತೋಡಬೇಡಿ, ಆಳಿಗೆ ಹೇಗೆ ತೋಡುತ್ತಾರೋ ಹಾಗೇ ತೋಡಬೇಕು ಎಂದು ಹಟ ಹಿಡಿದಳು. ಬೂದಿಗೆ ಆಳುದ್ದ ಗುಣಿ ತೋಡಿದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಹಡೆದವಳ ಮಾತು, ಮೀರುವವರು ಯಾರು. ಗುಣಿ ತೋಡುವ ಮುದುಕ ಗುದ್ದಲಿ ಹೆಗಲಿಗಿಟ್ಟು ಹೊಲದ ಕಡೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಯಾವಾಗಲೂ ಚಟ್ಟ ಕಟ್ಟಿದ ಮೇಲೆ ಅದರ ಉದ್ದಕ್ಕೆ ಒಂದು ಬಿದಿರ ಗಳು ಕತ್ತರಿಸಿಕೊಂಡು ಹೋಗುತ್ತಿದ್ದ. ಇಲ್ಲಿ ಚಟ್ಟವಿಲ್ಲ.

“ಅಳ್ತೆ ಯಾವ್ದು?” ಎಂದು ಕೇಳಿದ.

ಜಗುಲಿಯ ತುಂಬ ಜನ. ಊರಿನವರೆಲ್ಲ ಅಪ್ಪನನ್ನು ನೋಡಿದ್ದರು, ಆದರೆ ಎತ್ತರ ಎಷ್ಟು ಎಂದು ಯಾರು ನೋಡಿಟ್ಟುಕೊಳ್ಳುತ್ತಾರೆ. ಒಬ್ಬರು ಸಾಧಾರಣ ಆಳು ಅಂದರು. ಇನ್ನೊಬ್ಬರು ಮಿಲಿಟ್ರಿಗೆ ತಗೋಬೇಕಾದರೆ ಎತ್ತರ ಇರಲೇಬೇಕಲ್ಲ ಅಂದರು. ಆಗ ನನ್ನ ಸೋದರಮಾವ ಎದ್ದ. ಮಾವ ಗುಂಡ್ಲುಪೇಟೆಯಲ್ಲಿ ದರ್ಜಿ. ಟೇಪು ಕೊರಳಲ್ಲೇ ಇರುತ್ತಿತ್ತು, ಸಾವಿನ ಮನೆಗೂ ಹಾಗೇ ಬಂದಿದ್ದ. ಭಾವನಿಗೆ ನಾನು ಒಂದು ಅಂಗಿಯನ್ನೂ ಹೊಲಿದವನಲ್ಲ, ಬಟ್ಟೆಯೆಲ್ಲ ಸರ್ಕಾರವೇ ಕೊಡುತ್ತಿತ್ತು, ಆದರೆ ಪ್ಯಾಂಟಿದೆಯಲ್ಲ ಎಂದು ಟ್ರಂಕು ತೆಗೆಸಿದ. ಹಸಿರು ಪ್ಯಾಂಟನ್ನು ಮಂಚದ ಮೇಲೆ ಹಾಸಿ, ಸುಕ್ಕು ನೇವರಿಸಿ, ಸೊಂಟದಿಂದ ಅಂಚಿನವರೆಗೆ ಟೇಪು ಎಳೆದ. ಎರಡು ಸಲ ಎಳೆದ. ಇಷ್ಟು ಕಾಲಿದ್ದವನು ಐದಡಿ ಐದಂಗುಲದ ಆಳು, ಒಂದಂಗುಲ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಹೇಳಿದ.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. “ಅದು ಅಪ್ಪನ ಪ್ಯಾಂಟಲ್ಲ” ಎಂದೆ.

ಮಾವ ಮೆತ್ತಗೆ ಹೇಳಿದ, “ಟ್ರಂಕು ಅವ್ರುದೇ ಅಲ್ವೇನ್ಲಾ. ಮನ್ಸ ಎಚ್ಚುಕಮ್ಮಿ ಹೇಳ್ಬೋದು, ಪ್ಯಾಂಟು ಹೇಳಾಕಿಲ್ಲ ಕಣ್ಲಾ.”

“ಅಪ್ಪ ಬಾಗ್ಲಲ್ಲಿ ಬಗ್ಗಿ ಬರೋನು. ನಾ ನೋಡಿವ್ನಿ.”

ಅದು ಕೂಗೇ ಆಗಿತ್ತಂತೆ. ನನಗೆ ನೆನಪಿರುವುದು ನಾನು ಬಾಗಿಲಿಗೆ ಹೋಗಿ, ಕೈಯೆತ್ತಿ, ಚೌಕಟ್ಟಿನ ಮೇಲುಗಡೆಯ ಪಟ್ಟಿಯನ್ನು ಮುಷ್ಟಿಯಿಂದ ಗುದ್ದಿದ್ದು. ಇದಕ್ಕಿಂತ ಮೇಲಿದ್ದ, ಇದಕ್ಕಿಂತ ಮೇಲೆ. ಅವ್ವ ಒಳಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಮಾವ ಅವಳ ಕಡೆ ತಿರುಗಿ, ನೀನಾದರೂ ಹೇಳು ಎಂದು ಕೇಳಿದ. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ತೀರ್ಪು ಕೊಟ್ಟವಳು ಅಜ್ಜಿ. “ಕೂಸು ಕಣ್ಣಲ್ಲಿ ನೋಡ್ಯದೆ. ಕೂಸು ಹೇಳ್ದಂಗೇ ತೋಡಿ.” ಮುದುಕ ಬಾಗಿಲಿನ ಎತ್ತರಕ್ಕೆ ಒಂದು ಗೇಣು ಸೇರಿಸಿ ಗಳು ಕತ್ತರಿಸಿಕೊಂಡು ಹೊರಟ.

ಕೆಂಪುಮಣ್ಣಿನ ಆ ಗುಣಿ ಮುಗಿದಾಗ ಸಂಜೆಯ ಬಿಸಿಲು ಅದರೊಳಕ್ಕೆ ಓರೆಯಾಗಿ ಬೀಳುತ್ತಿತ್ತು. ಅಷ್ಟು ದೊಡ್ಡ ಗುಣಿಯಲ್ಲಿ ಅಷ್ಟು ಚಿಕ್ಕ ಮಡಕೆಯನ್ನು ಎಲ್ಲಿ ಇಡುವುದು ಎಂದು ಮತ್ತೆ ಚರ್ಚೆಯಾಯಿತು. ತಲೆಯ ಜಾಗಕ್ಕೋ, ನಡುವಿಗೋ. ಕೊನೆಗೆ ಅಪ್ಪನ ಸಮವಸ್ತ್ರವನ್ನು ಅವನೇ ಮಲಗಿದ್ದಾನೆ ಎನ್ನುವಂತೆ ಹಾಸಿ, ಅಂಗಿಯ ಎದೆಯ ಮೇಲೆ ಮಡಕೆ ಇಟ್ಟರು. ಬೂಟು ಇಡುವ ಕೆಲಸ ಮಗನಾದ ನನ್ನದಾಯಿತು. ಗುಣಿಗೆ ಇಳಿದೆ. ಅಂಗಿಯ ಕೆಳಗೆ ಪ್ಯಾಂಟು, ಪ್ಯಾಂಟು ಮುಗಿದ ಮೇಲೂ ಮೊಳದಷ್ಟು ಬರಿಯ ಮಣ್ಣು. ಬೂಟನ್ನು ಪ್ಯಾಂಟಿನ ಅಂಚಿಗೆ ಇಡಲಿಲ್ಲ. ಗುಣಿಯ ತುದಿಗೆ ಇಟ್ಟೆ. ನಡುವಿನ ಜಾಗವನ್ನು ಎಲ್ಲರೂ ನೋಡಿದರು. ಮಾವ ಟೇಪನ್ನು ಕೊರಳಿನಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡ. ಮುಂದೆ ಬೇಗೂರಿಗೆ ಹೋಗಿಬರುವ ಹೊಸಬರು ಆ ಗುಡ್ಡೆ ಕಂಡು, ಯಾರೋ ಭಾರಿ ಆಳು ಇದ್ದಿರಬೇಕು ಎನ್ನುತ್ತಿದ್ದರು. ನನಗೆ ಕೇಳಲು ಚೆನ್ನಾಗಿರುತ್ತಿತ್ತು, ಆದರೂ ಮನೆಗೆ ಬಂದು ಆ ಬಾಗಿಲನ್ನು ಮತ್ತೆ ನೋಡುತ್ತಿದ್ದೆ. ನಾನು ಕಂಡದ್ದು ಸುಳ್ಳಾಗಿದ್ದರೆ ನನ್ನ ಬಳಿ ಅಪ್ಪನದು ಎನ್ನುವ ಏನೂ ಇರಲಿಲ್ಲ.

ನನ್ನ ಪರೀಕ್ಷೆ ಮುಗಿದ ಮೇಲೆ ಉಡಿಗಾಲದಿಂದ ಒಂದು ಕಾರ್ಡು ಬಂತು. ಅಪ್ಪನ ತುಕಡಿಯಲ್ಲೇ ಇದ್ದ ಆ ಊರಿನವರೊಬ್ಬರು ರಜೆಗೆ ಬಂದಿದ್ದರು. ಕಾಲಿಗೆ ಪೆಟ್ಟಾಗಿದ್ದರಿಂದ ತಾವೇ ಬರಲಾಗುತ್ತಿಲ್ಲ, ಅತ್ತಿಗೆ ಒಂದು ಸಲ ಬಂದು ಹೋಗಬೇಕು ಎಂದು ಬರೆದಿದ್ದರು. ಅವ್ವನೂ ನಾನೂ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಚಾಮರಾಜನಗರಕ್ಕೆ, ಅಲ್ಲಿಂದ ಉಡಿಗಾಲಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಅವ್ವನ ಜೊತೆ ಮಾತಾಡಿದ್ದು ಟಿಕೆಟಿನ ವಿಷಯ ಮಾತ್ರ. ಅಲ್ಲಿ ಕೇಳಬೇಕಾದದ್ದು ಒಂದೇ ಇತ್ತು. ಅದನ್ನು ಕೇಳಿಬಿಡಬೇಕು ಎಂದೂ, ಕೇಳಬಾರದು ಎಂದೂ ಅನ್ನಿಸುತ್ತಿತ್ತು.

ಅವರು ನಿಜಕ್ಕೂ ಎತ್ತರದ ಮನುಷ್ಯ. ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಅವ್ವನನ್ನು ಕಂಡು ಏಳಲು ಹೋಗಿ ಏಳಲಾಗದೆ ಅತ್ತುಬಿಟ್ಟರು. ಅವರ ಹೆಂಡತಿ ಕಾಫಿ ತಂದುಕೊಟ್ಟು ಅವ್ವನ ಪಕ್ಕದಲ್ಲೇ ಕೂತರು. ಯಜಮಾನರು ಲಾರಿಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿದರು, ಬದುಕಿದ್ದಾಗಿನದನ್ನೇ ಬಹಳ ಹೊತ್ತು ಹೇಳಿದರು. ಗುಡಾರದಲ್ಲಿ ಚಳಿಗೆ ಕಾಲು ಚಾಚಲಾಗದೆ ಎಲ್ಲರೂ ಮುದುರಿಕೊಂಡು ಮಲಗುತ್ತಿದ್ದುದು, ಬೆಳಿಗ್ಗೆ ಎದ್ದು ಅಪ್ಪ ಎಲ್ಲರ ಕಂಬಳಿಗಳನ್ನೂ ಮಡಿಸಿಡುತ್ತಿದ್ದುದು, ಅದಕ್ಕೆ ಅವನಿಗೆ ಅಲ್ಲಿಯೂ ಬೈಗುಳ ಬೀಳುತ್ತಿದ್ದುದು. ಅವ್ವ ಆ ವರ್ಷ ಮೊದಲ ಸಲ ನಕ್ಕಿದ್ದು ಅಲ್ಲಿರಬೇಕು.

ನಾನು ಕೇಳಿದೆ. ಅಪ್ಪ ಎಷ್ಟು ಎತ್ತರ ಇದ್ದ?

ಅವರು ನಕ್ಕರು. “ನನ್ನ ಕಿವಿ ತಾವ್ಕೆ ಬರೋನು ಕಣ್ಲಾ ಮಗ. ಎತ್ರದ ಮೇಲೆ ಸಾಲು ನಿಲ್ಲುಸ್ತಾರಲ್ಲ, ನಾನು ಈ ತುದಿ, ನಿಮ್ಮಪ್ಪ ಆ ತುದಿ. ಕನ್ನಡ ಮಾತಾಡ್ಬೇಕು ಅಂದ್ರೆ ಕವಾಯ್ತು ಮುಗಿಯೋಗಂಟ ಕಾಯ್ಬೇಕಾಗಿತ್ತು.”

ಬಾಗಿಲಿನ ವಿಷಯ ಹೇಳಿದೆ. ಅವರು ನಗುವುದನ್ನು ನಿಲ್ಲಿಸಿದರು. ಬಂದ ದಿನ ಮಾತ್ರ ಬಗ್ಗುತ್ತಿದ್ದನೋ, ದಿನಾ ಬಗ್ಗುತ್ತಿದ್ದನೋ ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ನನಗೆ ಕೇಳಿಕೊಂಡಿರಲಿಲ್ಲ. ಬಂದ ದಿನ, ಎಂದೆ. ಬಸ್ಸಿಳಿದು ಮನೆಗೆ ನಡೆಯುವಾಗ ನಾವೆಲ್ಲ ಹಾಸಿಗೆ ಸುತ್ತಿ ಕಟ್ಟಿದ ಹೋಲ್ಡಾಲನ್ನು ತಲೆಯ ಮೇಲೆ ಹೊತ್ತುಕೊಂಡೇ ಬರುವುದು, ಟ್ರಂಕು ಒಂದು ಕೈಯಲ್ಲಿ ಇರುತ್ತದಲ್ಲ, ಬಗ್ಗದೆ ಯಾವ ಬಾಗಿಲಲ್ಲಿ ನುಗ್ಗಲಾಗುತ್ತದೆ ಎಂದರು ಅವರು. ಅವರ ಹೆಂಡತಿ ಹೊರಬಾಗಿಲು ತೋರಿಸಿ, ಇವರು ಒಂದು ಸಲ ಬಗ್ಗುವುದು ಮರೆತು ಹೆಂಚು ಒಡೆದಿದ್ದಾರೆ ಎಂದರು.

ನಾನು ಕಣ್ಣು ಮುಚ್ಚಿ ಆ ಬಾಗಿಲನ್ನು ಮತ್ತೆ ನೋಡಲು ಯತ್ನಿಸಿದೆ. ಇಷ್ಟು ವರ್ಷ ಅಲ್ಲಿ ಅಪ್ಪನ ಮುಖ, ಬಗ್ಗಿದ ಕತ್ತು, ಹಿಂದಿನ ಬಿಸಿಲು ಇಷ್ಟೇ ಇತ್ತು. ಈಗ ತಲೆಯ ಮೇಲೆ ಹೋಲ್ಡಾಲು ಬಂದು ಕೂತಿತು, ಅದರ ಚರ್ಮದ ಪಟ್ಟಿಯ ಸಮೇತ. ಅದು ಮೊದಲಿನಿಂದಲೂ ಇದ್ದು ನಾನು ಕಾಣದೆ ಹೋದದ್ದೋ, ಅವರು ಹೇಳಿದ ಗಳಿಗೆಯಲ್ಲಿ ನಾನು ಇಟ್ಟುಕೊಂಡದ್ದೋ, ಇವತ್ತಿಗೂ ಗೊತ್ತಿಲ್ಲ. ಈಗ ಆ ಹೋಲ್ಡಾಲಿಲ್ಲದೆ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಲು ಆಗುವುದೇ ಇಲ್ಲ.

ಅವರು ನನ್ನನ್ನು ಹತ್ತಿರ ಕರೆದರು. ಹೆಂಡತಿಯ ಹೆಗಲು ಹಿಡಿದು ಒಂದೇ ಕಾಲಲ್ಲಿ ಎದ್ದು ನಿಂತು, ನನ್ನ ತಲೆಯ ಮೇಲೆ ಅಂಗೈ ಇಟ್ಟು ಹಾಗೇ ತಮ್ಮ ಕಡೆಗೆ ಸರಿಸಿದರು. ಕೈ ಅವರ ಕಿವಿಗೆ ತಗುಲಿತು. ಅಲ್ಲಿಯೇ ಕೈ ನಿಲ್ಲಿಸಿ ಅವ್ವನನ್ನು ನೋಡಿದರು.

“ಈ ಸಲ ರಜಕ್ಕೋದ್ರೆ ನನ್ನ ಮಗ ನನ್ನ ಸಮಕ್ಕೆ ಬಂದಿರ್ತಾನೆ ಕಣೋ, ಬಯ್ಬೇಕಾದ್ರೆ ಇನ್ಮೇಲೆ ಕತ್ತೆತ್ಕಂಡು ಬಯ್ಬೇಕು ಅಂತಿದ್ದ,” ಎಂದರು.

ಅಪ್ಪ ಕೊನೆಯ ಸಲ ಬಂದು ಹೋದ ಮೇಲಿನ ಹದಿನಾಲ್ಕು ತಿಂಗಳಲ್ಲಿ ನಾನು ಹಾಗೆ ಬೆಳೆದಿದ್ದೆ. ಅವನ ಪಕ್ಕದಲ್ಲಿ ಒಂದು ಸಲವೂ ಸಮನಾಗಿ ನಿಂತಿರಲಿಲ್ಲ. ನಿಂತಿದ್ದರೆ ಗುಣಿಯ ಅಳತೆಗೆ ಯಾರನ್ನೂ ಕೇಳಬೇಕಾಗಿರಲಿಲ್ಲ, ನಾನೇ ಮಲಗಿ ತೋರಿಸಬಹುದಿತ್ತು.

ವಾಪಸು ಬರುವಾಗ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಬಹಳ ಹೊತ್ತು ಕಾದೆವು. ಅವ್ವ ಸೌತೆಕಾಯಿ ಕೊಂಡು ಅರ್ಧ ನನಗೆ ಕೊಟ್ಟಳು. ನಾನು ತಿನ್ನದೆ ಹಿಡಿದುಕೊಂಡೇ ಇದ್ದೆ. ಕೊನೆಗೆ, ಮಾವ ಆವತ್ತು ಕೇಳಿದಾಗ ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

“ಗೊತ್ತಿಲ್ದೆ ಏನ್ಲಾ,” ಎಂದಳು ಅವ್ವ. “ನಿಮ್ಮಪ್ಪಂಗೂ ನಂಗೂ ನಾಕೇ ಬೆರಳು.”

ಮತ್ತೆ ಯಾಕೆ ಹೇಳಲಿಲ್ಲ, ಎಂದೆ. ಅವಳು ಬಸ್ಸುಗಳ ಕಡೆಗೇ ನೋಡುತ್ತಿದ್ದಳು.

“ಟೆಲಿಗ್ರಾಂ ಬಂದಾಗ್ಲಿಂದ ನೀನು ಬಾಯೇ ಬುಟ್ಟಿರ್ಲಿಲ್ಲ. ಅಳ್ಳೂ ಇಲ್ಲ, ಅನ್ನ ಕೇಳ್ಳೂ ಇಲ್ಲ. ನೀನೂ ಓಗ್ಬುಟ್ಟೆ ಅನ್ಕಂಡಿದ್ದೆ. ಆವತ್ತು ಅಷ್ಟು ಜನ್ರ ಮುಂದೆ ಕೂಗ್ದೆಯಲ್ಲ, ಅದ್ರ ಮ್ಯಾಲೆ ನಾನು ಇಲ್ಲ ಅನ್ಲಾ?”

ನಾನು ತಲೆ ತಗ್ಗಿಸಿ, ಗುಣಿ ಹಾಗಾದರೆ ತಪ್ಪಾಯಿತಲ್ಲ, ಮೇಲಿನ ಗುಡ್ಡೆಯನ್ನಾದರೂ ಸರಿಯಾದ ಅಳತೆಗೆ ಗಿಡ್ಡ ಮಾಡಿಸೋಣವೇ ಎಂದು ಕೇಳಿದೆ. ಆ ವಯಸ್ಸಿನಲ್ಲಿ ತಪ್ಪು ಎಂದು ತಿಳಿದದ್ದನ್ನು ತಿದ್ದಲೇಬೇಕು ಎಂದುಕೊಂಡಿದ್ದೆ, ಆಮೇಲೆ ಅದನ್ನೇ ಕಸುಬು ಮಾಡಿಕೊಂಡೆ.

ಅವ್ವ ನನ್ನ ಕೈಯಲ್ಲಿದ್ದ ಸೌತೆಕಾಯಿಯನ್ನು ತೆಗೆದುಕೊಂಡು ಮುರಿದು ಮತ್ತೆ ನನ್ನ ಕೈಗೇ ಇಟ್ಟಳು. “ಬುಡು. ಅಲ್ಲಿ ಮುದುರ್ಕಂಡು ಮಲಗ್ತಿದ್ರಂತಲ್ಲ. ಇಲ್ಲಾರ ಕಾಲು ಚಾಚ್ಕಂಡು ಮಲಗ್ಲಿ.”

ಅವಳು ಹೀಗೇ, ಇದೇ ಮಾತಿನಲ್ಲಿ ಹೇಳಿದಳೇ ಎಂದು ಈಗ ಕೇಳಿದರೆ ಅವಳಿಗೇ ನೆನಪಿಲ್ಲ. ಸೌತೆಕಾಯಿ ಕಾಲವೇ ಅಲ್ಲ ಅದು ಅನ್ನುತ್ತಾಳೆ. ನಾನು ಅತ್ತದ್ದು ಬಸ್ ಸ್ಟ್ಯಾಂಡಿನಲ್ಲಿ ಶುರುವಾಯಿತೋ ಬಸ್ಸು ಹತ್ತಿದ ಮೇಲೋ ಎಂಬುದೂ ಖಚಿತವಿಲ್ಲ. ಕಿಟಕಿಯ ಪಕ್ಕ ಕೂತು ತೆರಕಣಾಂಬಿ ದಾಟುವವರೆಗೂ ಅಳುತ್ತಲೇ ಇದ್ದೆ, ಅವ್ವ ನನ್ನನ್ನು ಸುಮ್ಮನಿರಿಸಲು ನೋಡಲಿಲ್ಲ. ಅದರಲ್ಲಿ ನನಗೆ ಅನುಮಾನವಿಲ್ಲ.